ಹಿಟ್ಟಿನ ಡಬ್ಬಿಯ ಬೋಲ್ಟ್

ಅಮ್ಮನನ್ನು ಮಣ್ಣು ಮಾಡಿ ತಿಂಗಳು ಕಳೆದ ಮೇಲೆ ಅಮ್ಮನ ಹೆಸರಿಗೆ ಅಂಚೆಯಲ್ಲಿ ಎರಡು ಪೆಟ್ಟಿಗೆ ಬಂದವು. ಒಂದರಲ್ಲಿ ದುರ್ಬೀನು, ಇನ್ನೊಂದರಲ್ಲಿ ಟ್ರಿಗರ್. ಎರಡೂ ಅವಳ ರೈಫಲ್ಲಿಗೆ. ಹಿಂದಿನ ಚಳಿಗಾಲದಲ್ಲೇ ಬೇಕೆಂದು ಬರೆದುಹಾಕಿದ್ದಳು; ಸಾಮಾನು ಬಂದಾಗ ಕಳಿಸುತ್ತೇವೆ ಎಂದಿದ್ದರು ಅಂಗಡಿಯವರು. ಈಗ ಬಂದಿತ್ತು, ಕಳಿಸಿದ್ದರು. ಅಪ್ಪ ಪೋಸ್ಟ್‌ಮನ್ನನ ಜೊತೆ ಹವಾಮಾನದ ಬಗ್ಗೆ ಎರಡು ಮಾತಾಡಿ, ಪೆಟ್ಟಿಗೆಗಳನ್ನು ತಂದು ಅಡುಗೆಮನೆಯ ಮೇಜಿನ ಮೇಲೆ, ಅಮ್ಮ ಕೂರುತ್ತಿದ್ದ ಕುರ್ಚಿಯ ಎದುರಿಗಿಟ್ಟ. ಆಮೇಲೆ ಕಾಫಿ ಕುಡಿದ. ನಾನೂ ಕುಡಿದೆ. ಇಬ್ಬರಿಗೂ ಅಳು ಬರಲಿಲ್ಲ. ಆ ತಿಂಗಳಿಡೀ ಬಂದಿರಲಿಲ್ಲ, ಆವತ್ತು ಮಾತ್ರ ಯಾಕೆ ಬರಬೇಕು.

ಅಮ್ಮ ಸತ್ತದ್ದು ಕಾಡಿನ ಅಂಚಿನಲ್ಲಿ, ಬ್ಲೂಬೆರಿ ಕೀಳುತ್ತಾ. ಜೊತೆಯಲ್ಲಿ ಅವಳ ತಂಗಿ ಇಂಪಿ ಇದ್ದಳು. ಅಕ್ಕ ಬಕೆಟ್ಟಿನ ಪಕ್ಕ ಕೂತಳು, ಸುಸ್ತಾಗಿರಬೇಕು ಅಂದುಕೊಂಡೆ, ಎಂದು ಚಿಕ್ಕಮ್ಮ ಚರ್ಚಿನಲ್ಲಿ ಎಲ್ಲರಿಗೂ ಒಂದೇ ರೀತಿ ಹೇಳಿದಳು. ಆ ಬಕೆಟ್ಟನ್ನು ಮನೆಗೆ ತಂದು ಜಾಮ್ ಮಾಡಿದ್ದೂ ಅವಳೇ. ಬೇರೆ ಏನು ಮಾಡುವುದು, ಹಣ್ಣು ಕೊಳೆಯುವುದಿಲ್ಲವೇ. ನಾವು ಅದನ್ನೇ ದಿನಾ ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಿದ್ದೆವು. ರುಚಿ ಗೊತ್ತಾಗುತ್ತಿರಲಿಲ್ಲ.

ನಮ್ಮದು ಸುಪೀರಿಯರ್ ಸರೋವರದ ಈಚೆಗಿರುವ ಗಣಿ ಊರು. ಗಣಿ ಮುಚ್ಚಿದೆ, ಊರು ಇನ್ನೂ ಮುಚ್ಚಿಲ್ಲ. ಇಲ್ಲಿ ನವೆಂಬರ್ ಹದಿನೈದು ಕ್ರಿಸ್‌ಮಸ್ಸಿಗಿಂತ ದೊಡ್ಡ ದಿನ, ಜಿಂಕೆ ಬೇಟೆ ಶುರುವಾಗುವ ದಿನ. ಶಾಲೆಗೆ ರಜೆ, ನಾನು ಓಡಿಸುವ ಶಾಲೆ ಬಸ್ಸಿಗೂ ರಜೆ. ಹೆಂಗಸು ಬಂದೂಕು ಹಿಡಿದು ಕಾಡಿಗೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ತಿರುಗಿ ನೋಡುವುದು ಬೇಟೆಗೆ ಹೋಗದ ಗಂಡಸನ್ನು. ನಮ್ಮಪ್ಪ ಅಂಥವನು. ಗಣಿಯ ಯಂತ್ರದ ಶೆಡ್ಡಿನಲ್ಲಿ ಜೀವ ಸವೆಸಿದ ವಿಲ್ಯೊ, ಊರಿನ ಅರ್ಧ ಜನರ ಬಂದೂಕು ರಿಪೇರಿ ಮಾಡಿಕೊಟ್ಟ ವಿಲ್ಯೊ, ಒಂದು ಮೊಲವನ್ನೂ ಹೊಡೆದವನಲ್ಲ. ಕಾಡಿನ ಬೇಟೆ ಕ್ಯಾಂಪಿಗೆ ಹೋಗುತ್ತಿದ್ದ, ಅಡುಗೆ ಮಾಡಲು.

"ಹೆಲ್ವಿ ಕೊಂಬು ತರ್ತಾಳೆ, ವಿಲ್ಯೊ ಸೌಟು ತರ್ತಾನೆ" ಎಂದು ಕ್ಯಾಂಪಿನ ಗಂಡಸರು ಅಮ್ಮನ ಹೆಸರು ಸೇರಿಸಿ ವರ್ಷಾ ವರ್ಷಾ ರೇಗಿಸುತ್ತಿದ್ದರು.

"ಕೊಂಬು ಎಷ್ಟ್ ಬೇಯಿಸಿದ್ರೂ ಮೆತ್ತಗಾಗಲ್ಲ ಕಣ್ರಯ್ಯಾ, ಮೊದ್ಲು ತಟ್ಟೆ ಕೊಡಿ" ಎಂದು ಅಪ್ಪ ಬಟಾಣಿ ಸಾರು ಬಡಿಸುತ್ತಿದ್ದ. ಅಮ್ಮ ಒಲೆಯ ಹತ್ತಿರ ಸಾಕ್ಸ್ ಒಣಗಿಸುತ್ತಾ ನಗುತ್ತಿದ್ದಳು.

ಅವಳ ರೈಫಲ್ ಅವಳ ಅಪ್ಪನದು. ಸ್ವೀಡನ್ನಿನ ಸೈನ್ಯ ಬೇಡವೆಂದು ಮಾರಿದ ಹಳೇ ಸರಕು, ತಾತ ಪತ್ರಿಕೆಯಲ್ಲಿ ಜಾಹೀರಾತು ನೋಡಿ ಅಂಚೆಯಲ್ಲಿ ತರಿಸಿದ್ದ. ಫಿನ್‌ಲ್ಯಾಂಡಿನಿಂದ ಬಂದ ತಾತನಿಗೆ ಸ್ವೀಡನ್ನಿನವರನ್ನು ಕಂಡರೆ ಆಗುತ್ತಿರಲಿಲ್ಲ. "ಅವರ ಉಕ್ಕು ಒಳ್ಳೇದು, ಬಾಯಿ ಮಾತ್ರ ಕೆಟ್ಟದ್ದು. ಬಂದೂಕಿಗೆ ಬಾಯಿ ಇಲ್ವಲ್ಲ" ಎನ್ನುತ್ತಿದ್ದನಂತೆ. ನಳಿಗೆ ಉದ್ದ, ಮರ ಕಪ್ಪು, ಹಿಡಿದರೆ ತೋಳು ಬೀಳುವಷ್ಟು ಭಾರ. ಗುಂಡನ್ನು ಒಳಗೆ ತಳ್ಳಿ ಭದ್ರಪಡಿಸುವ ಉಕ್ಕಿನ ದಂಡಕ್ಕೆ ಬೋಲ್ಟ್ ಅನ್ನುತ್ತಾರೆ. ಅದರ ಹಿಡಿ ಪಕ್ಕಕ್ಕೆ ನೆಟ್ಟಗೆ, ಬಾಗಿಲ ಚಿಲಕದ ಹಾಗೆ ಚಾಚಿಕೊಂಡಿತ್ತು. ಆ ಬೋಲ್ಟ್ ಕಳಚಿ ತೆಗೆದರೆ ರೈಫಲ್ ಬರೀ ಕೋಲು.

ನಾನು ಹುಟ್ಟಿದಾಗಿನಿಂದ ಅಮ್ಮ ಅದನ್ನು ಕಳಚಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಡುತ್ತಿದ್ದಳು. ರೈಫಲ್ ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಮೇಲೆ. ಅದರ ಜೀವ ಹಿಟ್ಟಿನೊಳಗೆ. ಮನೆಯಲ್ಲಿ ಚಿಕ್ಕ ಮಗುವಿದೆ ಎಂದು ಶುರುಮಾಡಿದ ರೂಢಿ, ಆ ಮಗು ಬೆಳೆದು ಮದುವೆಯಾಗಿ, ಮದುವೆ ಮುರಿದುಕೊಂಡು, ಎರಡು ಬೀದಿ ಆಚೆ ಬಾಡಿಗೆ ಮನೆ ಹಿಡಿದ ಮೇಲೂ ನಿಲ್ಲಲಿಲ್ಲ. ನಮ್ಮ ಮನೆಯ ರೊಟ್ಟಿಗೆ ಒಂದು ವಾಸನೆ ಇದ್ದರೆ ಅದಕ್ಕೆ ಕಾರಣ ಅದೇ.

ಅದರ ಹಳೇ ಟ್ರಿಗರಿನ ಬಗ್ಗೆ ಹೇಳಬೇಕು. ಸೈನ್ಯದ ಟ್ರಿಗರ್ ಎರಡು ಹಂತದ್ದು. ಮೊದಲ ಎಳೆತ ಸಡಿಲ, ಸುಮ್ಮನೆ ಹಿಂದಕ್ಕೆ ಬರುತ್ತದೆ, ಏನೂ ಆಗುವುದಿಲ್ಲ. ಆಮೇಲೆ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬಲವಾಗಿ ಒತ್ತಿದರೆ ಮಾತ್ರ ಗುಂಡು. ಹುಡುಗಿಯಾಗಿದ್ದಾಗ ಅಮ್ಮ ನನಗೆ ಕಲಿಸಿದ್ದು ಹೀಗೆ: "ಇಲ್ಲಿ ತಂಕ ಪುಕ್ಕಟೆ ಕಣೇ. ಇಲ್ಲಿ ನಿಂತ್ಕೋ. ಉಸ್ರು ಬಿಡು. ಇನ್ನೊಂದ್ಸಲ ನೋಡು, ಅದು ಜಿಂಕೆನೋ ಇಲ್ಲಾ ನಿಮ್ಮ ಇಂಪಿ ಚಿಕ್ಕಮ್ಮನೋ ಅಂತ. ಚಿಕ್ಕಮ್ಮ ಆದ್ರೆ ಬೆರಳು ಬಿಡು."

"ಜಿಂಕೆ ಆದ್ರೆ?"

"ಆಗ್ಲೂ ಬಿಡಬಹುದು. ಯಾರೂ ಬೈಯಲ್ಲ."

ಕೊನೆಯ ವರ್ಷಗಳಲ್ಲಿ ಅವಳ ಕಣ್ಣು ಮಂಜಾಯಿತು. ನಳಿಗೆಯ ತುದಿಯ ಗುರಿಮುಳ್ಳು ಕಾಣುತ್ತಿಲ್ಲ ಎಂದಳು. ಬೆರಳ ಗೆಣ್ಣುಗಳು ಊದಿಕೊಂಡಿದ್ದವು, ಗಡುಸು ಟ್ರಿಗರ್ ಒತ್ತಲು ನೋವು. ಅದಕ್ಕೇ ದುರ್ಬೀನು, ಅದಕ್ಕೇ ಹಗುರವಾದ ಹೊಸ ಟ್ರಿಗರ್. ಎರಡನ್ನೂ ಕೂರಿಸಿಕೊಡುವೆನೆಂದು ಅಪ್ಪ ಮಾತು ಕೊಟ್ಟಿದ್ದ.

ಪೆಟ್ಟಿಗೆ ಬಂದ ಮಾರನೇ ದಿನ ಅಪ್ಪ ರೈಫಲ್ಲನ್ನು ಗೋಡೆಯಿಂದ ಇಳಿಸಿದ. ಬೋಲ್ಟನ್ನು ಹಿಟ್ಟಿನಿಂದ ತೆಗೆದ. ಎರಡನ್ನೂ ನೆಲಮಾಳಿಗೆಯ ಕೆಲಸದ ಮೇಜಿಗೆ ಒಯ್ದ. ಒಳ್ಳೆಯದೇ ಆಯಿತು ಎಂದುಕೊಂಡೆ. ಚರ್ಚಿನವರೂ ಅದನ್ನೇ ಹೇಳಿದರು, ಕೈಗೆ ಕೆಲಸ ಇದ್ದರೆ ಮನಸ್ಸು ತಾನೇ ದಾರಿಗೆ ಬರುತ್ತದೆ ಎಂದು. ಹೇಳುವವರಿಗೇನು, ಒಂದು ಬಾಣಲೆ ಮಾಂಸದ ಪಲ್ಯ ಕೊಟ್ಟು, ಎರಡು ಮಾತು ಹೇಳಿ, ಬಾಣಲೆ ಯಾವಾಗ ವಾಪಸ್ ಕೊಡ್ತೀರಿ ಎಂದು ಕೇಳಿ ಹೋಗುತ್ತಾರೆ. ಕೆಲಸವೇ ದಾರಿಗೆ ತರುವುದಾದರೆ ನಾನು ಇಷ್ಟರಲ್ಲಿ ದಾರಿಗೆ ಬಂದಿರಬೇಕಿತ್ತು. ಬೆಳಿಗ್ಗೆ ಬಸ್ಸು, ಮಧ್ಯಾಹ್ನ ಬಸ್ಸು, ಯಾವ ತಿರುವಿನಲ್ಲಿ ಯಾವ ಮಗು ಇಳಿಯಿತೆಂದು ಮನೆಗೆ ಬಂದ ಮೇಲೆ ನೆನಪಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಕ್ಕಳನ್ನು ಇಳಿಸಿ, ಖಾಲಿ ಬಸ್ಸನ್ನು ಅಪ್ಪನ ಮನೆಯ ಮುಂದೆಯೇ ನಿಲ್ಲಿಸಿ ಒಳಗೆ ಹೋದೆ. ಹಾಗೆ ನಿಲ್ಲಿಸಬಾರದು, ಆದರೆ ಕಾಲಿಗೆ ಒದ್ದೆ ಬೂಟು, ಒಣ ಸಾಕ್ಸ್ ಬೇಕಿತ್ತು. ನೆಲಮಾಳಿಗೆಯಲ್ಲಿ ದೀಪವಿರಲಿಲ್ಲ. ಅಪ್ಪ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ರೈಫಲ್ ತೊಡೆಯ ಮೇಲೆ. ಬೋಲ್ಟ್ ಒಳಗಿತ್ತು. ಅಂಚೆಯ ಪೆಟ್ಟಿಗೆಗಳ ದಾರ ಬಿಚ್ಚಿರಲಿಲ್ಲ. ಮೇಲಿನ ಬೀರುವಿನಲ್ಲಿರುತ್ತಿದ್ದ ತೋಟೆಗಳ ಡಬ್ಬಿ ಮೇಜಿನ ಮೇಲಿತ್ತು, ಮುಚ್ಚಳ ತೆಗೆದಿತ್ತು.

"ದೀಪ ಯಾಕ್ ಹಾಕಿಲ್ಲ?" ಎಂದೆ.

"ನೋಡ್ತಾ ಇದ್ದೆ."

"ಕತ್ಲಲ್ಲಿ ಏನ್ ನೋಡ್ತೀಯ?"

ಅವನು ರೈಫಲ್ಲನ್ನು ಮೇಜಿನ ಮೇಲಿಟ್ಟು, ಎದ್ದು, "ಬಾ, ಕಾಫಿ ಮಾಡ್ತೀನಿ" ಎಂದ. ನಾವು ಕಾಫಿ ಕುಡಿದೆವು. ನನಗೆ ಭಯವಾಗಿತ್ತು. ಅಮ್ಮ ಸತ್ತ ಮೇಲೆ ನನಗೆ ಆದದ್ದೆಂದರೆ ಅದೊಂದೇ, ಭಯ. ಉಳಿದದ್ದೆಲ್ಲ ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಕೆನ್ನೆಯ ಹಾಗಿತ್ತು.

ಆ ಶನಿವಾರ ಅಪ್ಪ ಸೌನಾಕ್ಕೆ ಹೋದ. ನಮ್ಮಲ್ಲಿ ಯಾರು ಸತ್ತರೂ ಶನಿವಾರದ ಬಿಸಿ ಆವಿಯ ಸ್ನಾನ ತಪ್ಪುವುದಿಲ್ಲ. ಹಿತ್ತಲಿನ ಸೌನಾದ ಹೊಗೆಗೂಡಿನಲ್ಲಿ ಹೊಗೆ ಏಳುವುದನ್ನು ನೋಡಿ, ಕೆಳಗಿಳಿದು, ಬೋಲ್ಟ್ ಕಳಚಿದೆ. ತೋಟೆಗಳನ್ನು ಅಲ್ಲೇ ಬಿಟ್ಟೆ. ನಮ್ಮೂರಿನಲ್ಲಿ ತೋಟೆ ಬ್ರೆಡ್ಡು ಮಾರುವ ಅಂಗಡಿಯಲ್ಲೂ ಸಿಗುತ್ತದೆ, ಬಚ್ಚಿಟ್ಟು ಪ್ರಯೋಜನವಿಲ್ಲ. ಬೋಲ್ಟ್ ಹಾಗಲ್ಲ. ರೈಫಲ್ಲಿನ ಮೈಮೇಲಿರುವ ನಂಬರೇ ಬೋಲ್ಟಿನ ಮೇಲೂ ಕೊರೆದಿದೆ. ಬೇರೆ ಯಾವುದನ್ನೋ ತಂದು ತುರುಕಲು ಅಪ್ಪನಂಥ ಕೆಲಸಗಾರನ ಕೈ ಬರುವುದಿಲ್ಲ. ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ನನ್ನ ಊಟದ ಚೀಲದ ತಳಕ್ಕೆ ಹಾಕಿಕೊಂಡೆ.

ಭಾನುವಾರ ಅಪ್ಪ ಏಲಕ್ಕಿ ಬ್ರೆಡ್ಡು ಮಾಡಲು ಹಿಟ್ಟಿನ ಡಬ್ಬಿ ತೆಗೆದ. ನಾನು ಮೇಜಿನ ಹತ್ತಿರ ಕೂತಿದ್ದೆ. ಕೆಳಗೆ ರೈಫಲ್ಲಿನಲ್ಲಿ ಬೋಲ್ಟ್ ಇಲ್ಲದ್ದನ್ನು ಅವನು ಆಗಲೇ ನೋಡಿದ್ದನೇನೋ. ಅವನ ಕೈ ಹಿಟ್ಟಿನೊಳಗೆ ಮೊಣಕೈವರೆಗೆ ಹೋಯಿತು, ತಳ ಮುಟ್ಟಿತು, ಆ ಕಡೆ ಈ ಕಡೆ ಆಡಿತು, ಖಾಲಿಯಾಗಿ ಮೇಲೆ ಬಂತು. ಅವನು ಕೈ ಕೊಡವಿಕೊಂಡು ಲೋಟದಲ್ಲಿ ಹಿಟ್ಟು ಅಳೆದ. ಕೇಳಲಿಲ್ಲ. ನಾನೂ ಹೇಳಲಿಲ್ಲ. ನಮ್ಮ ಜನ ಹಾಗೇ. ಮನೆಗೆ ಬೆಂಕಿ ಬಿದ್ದರೂ ಮೊದಲು ಯಾರು ಬಾಯಿಬಿಡುತ್ತಾರೆಂದು ಕಾಯುತ್ತೇವೆ.

ಬೋಲ್ಟ್ ಇಲ್ಲದೆಯೂ ಅವನು ಕೆಲಸ ಶುರುಮಾಡಿದ. ಅಷ್ಟು ದಿನ ಕೈ ಹಚ್ಚದವನು ಈಗ ಬೆಳಿಗ್ಗೆಯೇ ಕೆಳಗಿಳಿಯುತ್ತಿದ್ದ. ದುರ್ಬೀನು ಕೂರಿಸಲು ರೈಫಲ್ಲಿನ ಉಕ್ಕಿನ ಮೈಗೆ ತೂತು ಕೊರೆಯಬೇಕು. ಸೈನ್ಯದ ಉಕ್ಕು ಸುಲಭಕ್ಕೆ ಬಗ್ಗುವುದಲ್ಲ, ಮೇಲ್ಪದರಕ್ಕೆ ಹಾಕಿದ ಡ್ರಿಲ್ ಬಿಟ್ಟುಗಳು ಕಿರುಚಿ ಮೊಂಡಾಗುತ್ತಿದ್ದವು. ಅಪ್ಪ ಅವನ್ನು ಮತ್ತೆ ಮತ್ತೆ ಹರಿತ ಮಾಡಿ, ಎಣ್ಣೆ ಬಿಟ್ಟು, ಒಂದೊಂದು ತೂತಿಗೂ ಗಂಟೆಗಟ್ಟಲೆ ಕೂರುತ್ತಿದ್ದ. ಆ ಕಿರುಚಾಟ ಅಡುಗೆಮನೆಯ ನೆಲದಿಂದ ನನ್ನ ಅಂಗಾಲಿಗೆ ಬರುತ್ತಿತ್ತು. ಅದು ಕೇಳುತ್ತಿರುವಷ್ಟು ಹೊತ್ತು ನನಗೆ ನೆಮ್ಮದಿ. ನಿಂತರೆ ಮೆಟ್ಟಿಲಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ಇಂಪಿ ಚಿಕ್ಕಮ್ಮ ಒಂದು ದಿನ ಬಂದು ಕೆಳಗಿಳಿದು ನೋಡಿ ಹೌಹಾರಿದಳು.

"ಅಯ್ಯೋ, ನಮ್ಮಪ್ಪನ ಬಂದೂಕಿಗೆ ತೂತು ಕೊರ್ದಿದ್ದೀಯಲ್ಲೋ ವಿಲ್ಯೊ!"

"ನಿಮ್ಮಕ್ಕ ಹೇಳಿದ್ದು."

"ಹೇಳಿದವಳು ಹೋದ್ಲು. ಈಗ್ಯಾರಿಗೆ ಇದು? ನೀನಂತೂ ಹೊಡೆಯಲ್ಲ. ಜಿಂಕೆನೇ ಬಂದು ಮಂಡಿಯೂರಿ ಬೇಡ್ಕೊಂಡ್ರೂ ನೀನು ಸಾರು ಬಡಿಸಿ ಕಳಿಸ್ತೀಯ."

"ಅದೂ ಬಟಾಣಿ ಸಾರು ತಿನ್ನತ್ತೆ" ಎಂದ ಅಪ್ಪ, ತಿರುಪು ಬಿಗಿಮಾಡುತ್ತಾ. ಅಮ್ಮ ಹೋದ ಮೇಲೆ ಅವನ ಬಾಯಿಂದ ಬಂದ ಮೊದಲ ತಮಾಷೆ ಅದು. ಯಾರೂ ನಗಲಿಲ್ಲ.

ಚಿಕ್ಕಮ್ಮನನ್ನು ಕಾರಿನವರೆಗೆ ಬಿಡಲು ಹೋದಾಗ ಅವಳಿಗೆ ಎಲ್ಲ ಹೇಳಿದೆ. ಕತ್ತಲಲ್ಲಿ ಕೂತದ್ದು, ತೋಟೆಯ ಡಬ್ಬಿ, ನನ್ನ ಚೀಲ. ಅವಳು ಕಾರಿನ ಬಾಗಿಲು ಹಿಡಿದು ನಿಂತಳು.

"ಕೇಳಿದ್ಯಾ ಅವನ್ನ?"

"ಏನಂತ ಕೇಳ್ಲಿ?"

"ಏನಂತಾನೋ ಕೇಳೇ! ಎಷ್ಟ್ ದಿನ ಅಂತ ಅದನ್ನ ಬಸ್ಸಲ್ಲಿ ಹೊತ್ಕೊಂಡ್ ತಿರುಗ್ತೀಯ? ನಾನೂ ನಮ್ಮಕ್ಕ ಕೂತಾಗ ಏನಾಯ್ತೇ ಅಂತ ಕೇಳ್ಲಿಲ್ಲ. ಸುಸ್ತಾಗಿದಾಳೆ ಅಂದ್ಕೊಂಡೆ. ಹಣ್ಣು ಕೀಳ್ತಾನೇ ಇದ್ದೆ." ಅವಳು ಕಾರು ಹತ್ತಿ, ಗಾಜಿನೊಳಗಿಂದ ನನ್ನ ಮುಖ ನೋಡದೆ ಹೊರಟಳು.

ಆದರೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಅದೇ ಭಯ. ಚೀಲ ಹೊತ್ತು ತಿರುಗಿದೆ. ನನ್ನ ಬ್ರೆಡ್ಡಿಗೆ ಬಂದೂಕಿನ ಎಣ್ಣೆಯ ವಾಸನೆ ಹತ್ತಿತು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಚೀಲದೊಳಗೆ ಠಣ್ ಎಂದು ಡಬ್ಬಿಗೆ ಬಡಿಯುತ್ತಿತ್ತು. ಹಿಂದಿನ ಸೀಟಿನ ಮಕ್ಕಳು ಅದನ್ನೇ ಅಣಕಿಸಿ ಠಣ್ ಠಣ್ ಎನ್ನುತ್ತಿದ್ದರು, ಸುಮ್ಮನಿರ್ರೋ ಎಂದು ಗದರುತ್ತಿದ್ದೆ.

ದುರ್ಬೀನು ಕೂತಿತು. ಅಲ್ಲಿಗೆ ಕೆಲಸ ನಿಂತಿತು. ಹಳೇ ಬೋಲ್ಟಿನ ನೆಟ್ಟನೆ ಹಿಡಿಯನ್ನು ಮೇಲೆತ್ತಿದರೆ ದುರ್ಬೀನಿಗೆ ಬಡಿಯುತ್ತದೆ, ಅದನ್ನು ಕಾಯಿಸಿ ಕೆಳಕ್ಕೆ ಬಗ್ಗಿಸಬೇಕು. ಹಿಂದಿರುವ, ಗುಂಡು ಹಾರದಂತೆ ತಡೆಯುವ ಸೇಫ್ಟಿಯ ರೆಕ್ಕೆಯೂ ತಾಗುತ್ತದೆ, ಅದನ್ನು ಉಜ್ಜಿ ಮೋಟು ಮಾಡಬೇಕು. ಎರಡೂ ಇರುವುದು ಬೋಲ್ಟಿನಲ್ಲೇ. ಬೋಲ್ಟ್ ಇರುವುದು ನನ್ನ ಚೀಲದಲ್ಲಿ. ಅಪ್ಪ ಊಟದ ಹೊತ್ತಿಗೆ, ಹಿಮ ಬೀಳಬಹುದು ಅನ್ನುವ ಧ್ವನಿಯಲ್ಲಿ, "ಇನ್ನು ಹಿಡಿ ಬಗ್ಗಿಸೋದೊಂದು ಬಾಕಿ" ಎನ್ನುತ್ತಿದ್ದ. "ಹೌದಾ" ಎನ್ನುತ್ತಿದ್ದೆ. ಹೀಗೇ ಅಕ್ಟೋಬರ್ ಮುಗಿಯಿತು. ಎಲೆಗಳೆಲ್ಲ ಬಿದ್ದು ಕಾಡು ಬೋಳಾಯಿತು. ಅಂಗಡಿಗಳ ಮುಂದೆ ಬೇಟೆಗಾರರಿಗೆ ಸ್ವಾಗತ ಎಂಬ ಬಟ್ಟೆಗಳು ತೂಗಿದವು.

ನವೆಂಬರಿನ ಮೊದಲ ಹಿಮ ಬಿದ್ದ ದಿನ ಅಪ್ಪ ಪಾಸ್ಟಿ ಮಾಡಿದ್ದ. ಮಾಂಸ, ಆಲೂಗಡ್ಡೆ ತುಂಬಿ ಅರ್ಧಚಂದ್ರ ಮಡಚಿದ ದಪ್ಪ ಕಡುಬು ಅದು, ಗಣಿಯವರ ಬುತ್ತಿ. ಮೂರು ಮಾಡಿದ್ದ. ಮೂರನೆಯದನ್ನು ನೋಡಿ, ಬಟ್ಟೆ ಮುಚ್ಚಿ ಪಕ್ಕಕ್ಕಿಟ್ಟ. ಆಮೇಲೆ ಎದುರು ಕೂತ.

"ಸೈಮಾ, ಬೋಲ್ಟ್ ಬೇಕು."

"ಯಾವ ಬೋಲ್ಟ್?" ಎಂದೆ. ಸೀಟಿಗೆ ಬಬಲ್‌ಗಮ್ ಅಂಟಿಸಿದ ಮಕ್ಕಳೂ ನನಗಿಂತ ಚೆನ್ನಾಗಿ ಸುಳ್ಳು ಹೇಳುತ್ತಾರೆ.

"ನಿನ್ನ ಊಟದ ಚೀಲದಲ್ಲಿರೋದು. ಚೀಲ ನಾರ್ತಿದೆ."

"ಕೊಡಲ್ಲ."

"ಸರಿ."

"ಸರಿ ಅಂದ್ರೆ ಏನ್ ಸರಿ?" ನನಗೆ ಸಿಟ್ಟು ನೆತ್ತಿಗೇರಿತು. "ಯಾಕ್ ಕೊಡಲ್ಲ ಅಂತ ಕೇಳು! ಯಾಕೆ ಕದ್ದೆ ಅಂತ ಬೈಯಿ! ಏನಾದ್ರೂ ಒಂದು ಹೇಳು! ಇಬ್ರೂ ಕಲ್ಲಿನ ಹಾಗೆ ಕೂತು ಜಾಮ್ ತಿಂತಾ ಇದೀವಲ್ಲಪ್ಪಾ!"

ಅಪ್ಪ ಫೋರ್ಕನ್ನು ತಟ್ಟೆಯ ಪಕ್ಕಕ್ಕೆ ನೆಟ್ಟಗೆ ಜೋಡಿಸಿದ.

"ಆವತ್ತು ಕೆಳಗೆ ಏನ್ ಮಾಡ್ತಿದ್ದೆ?" ಎಂದೆ. ಕೊನೆಗೂ ಕೇಳಿಯೇಬಿಟ್ಟಿದ್ದೆ.

"ಬಾ" ಎಂದು ಎದ್ದ. "ಅದನ್ನೂ ತಗೊಂಡ್ ಬಾ. ನಿನ್ನ ಕೈಯಲ್ಲೇ ಇರ್ಲಿ."

ಕೆಳಗೆ ದೀಪ ಹಾಕಿದ. ಮೇಜಿನ ಮೇಲೆ ರೈಫಲ್, ಅದರ ಬೆನ್ನ ಮೇಲೆ ಕಪ್ಪು ದುರ್ಬೀನು, ಒಳ್ಳೆಯ ಕೆಲಸ. ತೋಟೆಯ ಡಬ್ಬಿ ಇರಲಿಲ್ಲ. "ಇಂಪಿ ಮನೆಗೆ ಕೊಟ್ ಬಂದೆ, ಆಗ್ಲೇ" ಎಂದ ನನ್ನ ಕಣ್ಣು ಹುಡುಕುವುದನ್ನು ನೋಡಿ. ಚಿಕ್ಕಮ್ಮ ಅದನ್ನು ನನಗೆ ಹೇಳಿರಲಿಲ್ಲ. ಅವಳೂ ನಮ್ಮವಳೇ ತಾನೆ.

ಮೇಜಿನ ಮೂಲೆಯಲ್ಲಿ ಅಂಚೆಯ ಎರಡನೇ ಪೆಟ್ಟಿಗೆ ಇತ್ತು. ಹೊಸ ಟ್ರಿಗರಿನದು. ದಾರ ಹಾಗೇ ಇತ್ತು.

"ಇದನ್ನ ಹಾಕೇ ಇಲ್ವಲ್ಲ" ಎಂದೆ. "ಅಮ್ಮ ಎರಡೂ ಹಾಕು ಅಂದಿದ್ಲು."

"ಹೂಂ. ಅಂದಿದ್ಲು."

"ಮತ್ತೆ?"

"ಬೋಲ್ಟ್ ಹಾಕು. ಒಳಗೆ ಖಾಲಿ ಇದೆ, ನೀನೇ ಬೆರಳು ಹಾಕಿ ನೋಡು. ಹಿಡಿ ಪೂರ್ತಿ ಮೇಲೆತ್ಬೇಡ, ಗಾಜಿಗೆ ಬಡಿಯುತ್ತೆ. ದುರ್ಬೀನು ಬಿಚ್ಕೊಡ್ತೀನಿ ತಾಳು." ಅವನು ದುರ್ಬೀನನ್ನು ಬಿಚ್ಚಿದ. ನಾನು ಒಳಗೆ ಬೆರಳಿಟ್ಟು ನೋಡಿದೆ, ಖಾಲಿ. ಬೋಲ್ಟ್ ಹಾಕಿದೆ. ನಳಿಗೆಯನ್ನು ಮಣ್ಣಿನ ಗೋಡೆಯ ಕಡೆ ತಿರುಗಿಸಿದೆ.

"ಈಗ ಎಳಿ. ಮೆತ್ತಗೆ."

ಎಳೆದೆ. ಸಡಿಲವಾಗಿ ಬಂತು. ನಿಂತಿತು.

"ಅಲ್ಲೇ ನಿಲ್ಲು" ಎಂದ ಅಪ್ಪ. "ನಾನು ಅಲ್ಲೇ ಇದ್ದೆ. ಆವತ್ತು. ನಿಮ್ಮಮ್ಮ ಹೇಳ್ತಿದ್ಲಲ್ಲ, ನಿಂತ್ಕೋ, ಉಸ್ರು ಬಿಡು, ಇನ್ನೊಂದ್ಸಲ ನೋಡು ಅಂತ. ಅವಳು ನಿನಗೆ ಹೇಳ್ಕೊಡ್ತಿದ್ದಾಗ ನಾನು ಪಕ್ಕದಲ್ಲೇ ಆಲೂಗಡ್ಡೆ ಹೆಚ್ತಿದ್ದೆ. ನನಗೆ ಹೇಳಿದ್ದಲ್ಲ ಅದು. ಆದ್ರೂ ನಿಂತೆ. ನಿಂತಿರೋವಾಗ ಹೊರಗೆ ನಿನ್ನ ಬಸ್ಸಿನ ಬ್ರೇಕು ಉಸ್ಸಂತು."

ನಾನು ಬೆರಳು ಬಿಟ್ಟೆ. ಟ್ರಿಗರ್ ಮುಂದಕ್ಕೆ ಹೋಯಿತು.

"ಹೊಸದರ ಪೆಟ್ಟಿಗೆ ಬಿಚ್ದೆ ಇದ್ರೂ ಗೊತ್ತು ನನಗೆ, ಆ ಟ್ರಿಗರ್ ಎಂಥದ್ದು ಅಂತ" ಎಂದ ಅಪ್ಪ. "ಗಾಜಿನ ಕಡ್ಡಿ ಮುರ್ದ ಹಾಗೆ, ಮುಟ್ಟಿದ್ರೆ ಆಯ್ತು. ಒಳ್ಳೇ ಮಾಲು. ಆದ್ರೆ ಅದ್ರಲ್ಲಿ ನಿಲ್ಲೋಕೆ ಜಾಗ ಇಲ್ಲ ಮಗಾ."

ಅವನ ಧ್ವನಿ ಸಾರಿಗೆ ಉಪ್ಪು ಸಾಕೇ ಎಂದು ಕೇಳುವಷ್ಟೇ ಇತ್ತು. ನನಗೆ ಅವನನ್ನು ಹೊಡೆಯಬೇಕೆನಿಸಿತು, ತಬ್ಬಬೇಕೆನಿಸಿತು, ಎರಡನ್ನೂ ಮಾಡಲಿಲ್ಲ. ಬೋಲ್ಟ್ ಕಳಚಿ ಕೈಯಲ್ಲಿ ಹಿಡಿದುಕೊಂಡೆ. ಅಂದರೆ ಅಷ್ಟು ದಿನ ನಾನು ಬಸ್ಸಿನಲ್ಲಿ ಹೊತ್ತು ಕಾದದ್ದು ಆಗಿಹೋಗಿದ್ದ ಘಳಿಗೆಯನ್ನು. ಒದ್ದೆ ಸಾಕ್ಸ್ ಬದಲಿಸಲು ಬಂದವಳು ನಾನು. ಆವತ್ತು ಬೂಟು ಒಣಗಿದ್ದರೆ ಬಸ್ಸನ್ನು ನೇರ ಶಾಲೆಯ ಶೆಡ್ಡಿಗೆ ಒಯ್ಯುತ್ತಿದ್ದೆ.

"ಮತ್ತೆ ಹಾಗೆ ಕೂರ್ತೀಯಾ?" ಎಂದೆ.

"ಗೊತ್ತಿಲ್ಲ" ಎಂದ. ಬಿಚ್ಚಿದ ದುರ್ಬೀನನ್ನು ಬಟ್ಟೆಯಿಂದ ಒರೆಸುತ್ತಾ, "ಕೂರಬಾರ್ದು ಅಂತಿದೆ. ಅದಕ್ಕೇ ನೀನು ತಗೊಂಡಾಗ ಸುಮ್ನಿದ್ದೆ."

"ಡಾಕ್ಟರ ಹತ್ರ ಹೋಗೋಣ."

"ಏನಂತ ಹೇಳ್ಲಿ ಅವರಿಗೆ?"

"ಈಗ ನನಗೆ ಹೇಳಿದ್ಯಲ್ಲ, ಅದನ್ನೇ."

ಹೋದೆವು. ಡಾಕ್ಟರ ಕೋಣೆಯಿಂದ ಹೊರಗೆ ಬಂದ ಅಪ್ಪ, "ನಿದ್ದೆ ಬರುತ್ತಾ ಅಂತ ಕೇಳಿದ್ರು. ನಿಮಗೆ ಬಂದಿರೋ ಹಾಗೆ ಕಾಣ್ಸಲ್ಲ ಅಂದೆ" ಎಂದ. ಪ್ರತಿ ಮಂಗಳವಾರ ಬರಲು ಹೇಳಿದ್ದರು. ನಾನೇ ಕರೆದುಕೊಂಡು ಹೋಗುತ್ತಿದ್ದೆ. ಊಟಕ್ಕೆ ಇಂಪಿ ಚಿಕ್ಕಮ್ಮ ಬರತೊಡಗಿದಳು. ಬಂದು ಬರೀ ಬೈಯುತ್ತಿದ್ದಳು, ಆದರೆ ಬರುತ್ತಿದ್ದಳು.

ಬೋಲ್ಟಿನ ಹಿಡಿ ಬಗ್ಗಿಸಿದ್ದು ಇಬ್ಬರೂ ಸೇರಿ. ಅಪ್ಪ ಅದನ್ನು ಬಿಗಿಯಾಗಿ ಇಕ್ಕಳಕ್ಕೆ ಸಿಕ್ಕಿಸಿ, ದಂಡಕ್ಕೆಲ್ಲ ಒದ್ದೆ ಬಟ್ಟೆ ಸುತ್ತಿದ. ಹಿಡಿ ಮಾತ್ರ ಕೆಂಪಾಗಬೇಕು. ದಂಡಕ್ಕೆ ಕಾವು ಏರಿದರೆ ಉಕ್ಕಿನ ಗಟ್ಟಿತನ ಹೋಗಿ ರೈಫಲ್ ಅಪಾಯದ್ದಾಗುತ್ತದೆ. ಬಟ್ಟೆ ಒಣಗದ ಹಾಗೆ ನೀರು ಬಿಡುವುದು ನನ್ನ ಕೆಲಸ. ಅವನು ಬೆಂಕಿ ಹಿಡಿದ, ನಾನು ಚೊಂಬಿನಿಂದ ನೀರು ಬಿಟ್ಟೆ. ಹಬೆ ಎದ್ದಿತು. ಹಿಡಿ ಕೆಂಪಾಗಿ, ಕಿತ್ತಳೆಯಾಗಿ, ಅಪ್ಪನ ಸುತ್ತಿಗೆಯ ಕೆಳಗೆ ಮೆತ್ತಗೆ ಬಾಗಿತು. ನಾನು ಬಟ್ಟೆಯ ಮೇಲೆ ಕೈ ಇಟ್ಟು ನೋಡಿದೆ. ತಣ್ಣಗಿತ್ತು.

ಹೊಸ ಟ್ರಿಗರನ್ನು ಬಂದ ಪೆಟ್ಟಿಗೆಯಲ್ಲೇ ವಾಪಸ್ ಕಳಿಸಿದೆವು.

ನವೆಂಬರ್ ಹದಿನೈದರಂದು ನಾನು ಬೇಟೆಗೆ ಹೋದೆ. ಅಪ್ಪ ಅಡುಗೆಗೆ ಬಂದ. ಕ್ಯಾಂಪಿನ ಗಂಡಸರು ಎಂದಿನಂತೆ ಸೌಟಿನ ಮಾತಾಡಿದರು, ಅಮ್ಮನ ಮಂಚದ ಮೇಲೆ ಯಾರೂ ಚೀಲ ಇಡಲಿಲ್ಲ. ನಮ್ಮ ಕ್ಯಾಂಪಿನಲ್ಲಿ ಒಂದು ಪದ್ಧತಿ. ಜಿಂಕೆಗೆ ಗುಂಡು ಹಾರಿಸಿ ತಪ್ಪಿದವರ ಅಂಗಿಯ ಹಿಂದಿನ ತುದಿ ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುತ್ತಾರೆ. ಗೋಡೆಯ ತುಂಬ ಚೌಕಳಿ ಬಟ್ಟೆಯ ತುಂಡುಗಳು. ಅಮ್ಮನದು ಒಂದೂ ಇಲ್ಲ. ಅವಳು ಚೆನ್ನಾಗಿ ಹೊಡೆಯುತ್ತಿದ್ದಳು ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಸಲ ಹೊಡೆಯದೆ ಬಂದಳು ಎಂದು ಯಾರೂ ಲೆಕ್ಕವಿಟ್ಟಿಲ್ಲ.

ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಸೀಡರ್ ಮರಗಳ ನಡುವಿನಿಂದ ಕೊಂಬಿನ ಜಿಂಕೆ ಬಂತು. ದುರ್ಬೀನಿನಲ್ಲಿ ಅದು ಪಕ್ಕದಲ್ಲೇ ನಿಂತಂತಿತ್ತು, ಮೂಗಿನ ಹಬೆ ಕಾಣುತ್ತಿತ್ತು, ರೆಪ್ಪೆಯ ಮೇಲೆ ಹಿಮದ ಚೂರು ಕಾಣುತ್ತಿತ್ತು. ಅಮ್ಮ ನೋಡಬೇಕಿದ್ದದ್ದು ಇದನ್ನೇ. ಸೇಫ್ಟಿ ತೆಗೆದೆ. ಬೆರಳು ಎಳೆದೆ. ಸಡಿಲವಾಗಿ ಬಂತು, ನಿಂತಿತು.

ಅಲ್ಲಿ ನಿಂತೆ. ಎಷ್ಟು ಕಿರಿದು ಆ ಜಾಗ, ಒಂದು ಉಗುರಿನ ಅಂಚಿನಷ್ಟೂ ಇಲ್ಲ. ಅಷ್ಟರಲ್ಲೇ ನಮ್ಮಪ್ಪ ನಿಂತಿದ್ದ, ಕತ್ತಲಲ್ಲಿ, ಒಬ್ಬನೇ, ನನ್ನ ಬಸ್ಸು ಬರುವವರೆಗೆ. ಉಸಿರು ಬಿಟ್ಟೆ. ಇನ್ನೊಂದು ಸಲ ನೋಡಿದೆ. ಜಿಂಕೆ ಕಾಣಲಿಲ್ಲ, ದುರ್ಬೀನು ಕಲಸಿಹೋಗಿತ್ತು. ಗಾಜಿಗೆ ಹಬೆ ಬಂತೇನೋ ಎಂದು ಒರೆಸಿದೆ. ಗಾಜಿನದಲ್ಲ, ನನ್ನ ಕಣ್ಣಿನದು. ಆಗಸ್ಟಿನಿಂದ ಬಾರದೆ ಇದ್ದದ್ದೆಲ್ಲ ಅಲ್ಲಿ, ಮರದ ಬುಡದಲ್ಲಿ, ಮೂಗು ಸೋರುತ್ತಾ ಬಂತು. ಜಿಂಕೆ ಆ ಸದ್ದಿಗೆ ಬಾಲವೆತ್ತಿ ಓಡಿತು.

ಕ್ಯಾಂಪಿಗೆ ವಾಪಸ್ ಬಂದಾಗ ಗಂಡಸರಿನ್ನೂ ಕಾಡಿನಲ್ಲೇ ಇದ್ದರು. ಅಪ್ಪ ಒಲೆಯ ಮುಂದೆ ಇದ್ದ. ನನ್ನ ಮುಖ ನೋಡಿ, ಸಾರು ಕಲಕುವುದನ್ನು ನಿಲ್ಲಿಸಿದ.

"ಕಾಣ್ತಾ?"

"ಕಾಣ್ತು. ದೊಡ್ಡದು."

"ಸದ್ದು ಕೇಳ್ಲಿಲ್ಲ."

"ನಿಂತೆ" ಎಂದೆ.

ಅವನು ತಲೆಯಾಡಿಸಿದ. ನಾನು ತೋಟೆಗಳನ್ನು ಹೊರತೆಗೆದು ಎಣಿಸಿ ಜೇಬಿಗೆ ಹಾಕಿಕೊಂಡೆ. ಬೋಲ್ಟ್ ಕಳಚಿ, ಎಣ್ಣೆ ಬಟ್ಟೆ ಹುಡುಕಿ, ಸುತ್ತಿದೆ. ಇದನ್ನು ಎಲ್ಲಿಡುವುದು ಎಂದು ಸುತ್ತ ನೋಡುವಷ್ಟರಲ್ಲಿ ಅಪ್ಪ ಬೆಂಚಿನ ಕೆಳಗಿನಿಂದ ಏನನ್ನೋ ಎಳೆದು ಮೇಜಿನ ಮೇಲಿಟ್ಟ. ನಮ್ಮ ಮನೆಯ ಹಿಟ್ಟಿನ ಡಬ್ಬಿ. ಅಷ್ಟು ದೂರ, ಹಿಮದಲ್ಲಿ, ಅಡುಗೆ ಸಾಮಾನಿನ ಜೊತೆ ಹೊತ್ತು ತಂದಿದ್ದ. ಮುಚ್ಚಳ ತೆಗೆದು, ಎರಡೂ ಕೈಯಲ್ಲಿ ಡಬ್ಬಿ ಹಿಡಿದು, ನನ್ನ ಕಡೆ ಚಾಚಿದ.

"ಆಳಕ್ಕೆ ಇಡು" ಎಂದ. "ನನ್ನ ಕೈ ತಾಗದ ಹಾಗೆ."

ನಾನು ಮೊಣಕೈವರೆಗೆ ಕೈ ಹಾಕಿ ತಳದಲ್ಲಿಟ್ಟೆ. ಅವನು ಮುಚ್ಚಳ ಹಾಕಿ, ಡಬ್ಬಿಯನ್ನು ನನ್ನ ಮಂಚದ ಕೆಳಗೆ ತಳ್ಳಿ, ನನಗೆ ಸಾರು ಬಡಿಸಿದ. ಉಪ್ಪು ಜಾಸ್ತಿಯಾಗಿತ್ತು.